ನ್ಯಾಯಶಾಸ್ತ್ರವನ್ನೋದಿದ ಅರಸು

ಶಾಂತಮಹಾಸಾಗರದ ದಕ್ಷಿಣಭಾಗದಲ್ಲಿ, ಫಿಜಿ ದ್ವೀಪಗಳಿಗೆ ಮೂಡಲಾಗಿ, ಟೊಂಗಾ ಎಂಬ ದ್ವೀಪಸಮೂಹವುಂಟು. ಅಲ್ಲಿಯ ಜನಸಂಖ್ಯೆ ಸುಮಾರು ಒಂದು ಲಕ್ಷ. ರಾಜ್ಯವು ಸಣ್ಣದಾದರೂ, ರಾಜನ ಇಚ್ಛೆ ದೊಡ್ಡದೋ ರಾಜನೇ ಒಪ್ಪಿದ ಶಾಸನ ದೊಡ್ಡದೋ ಎಂಬ ಪುರಾತನಪ್ರಶ್ನೆಯು ಅಲ್ಲಿ ಇತ್ಯರ್ಥವಾದ ಬಗೆಯು ವಿಚಾರಶೀಲರು ತಿಳಿಯತಕ್ಕುದಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದ್ವೀಪಗಳನ್ನೆಲ್ಲ ಒಂದುಗೂಡಿಸಿದವನು ಒಂದನೆಯ ಜಾರ್ಜ್ ಟುಪೊ. ಇವನು 1839ರಲ್ಲಿ ವವಾಉ ದ್ವೀಪದಲ್ಲಿ ಮೊದಲ ಲಿಖಿತಶಾಸನವನ್ನು ಸಾರಿದನು. 1862ರಲ್ಲಿ ಸಾಮಾನ್ಯಪ್ರಜೆಗಳನ್ನು ನಾಯಕರ ಜೀತದಿಂದ ಬಿಡಿಸಿದನು. 1875ನೆಯ ನವೆಂಬರ್ 4ರಂದು ರಾಜ್ಯಾಂಗವನ್ನೇ ಅನುಗ್ರಹಿಸಿದನು. ನಾಯಕನಿಗೂ ಸಾಮಾನ್ಯನಿಗೂ, ಐರೋಪ್ಯನಿಗೂ ಟೊಂಗನಿಗೂ ಶಾಸನವೊಂದೇ ಎಂದು ಅದರ 4ನೆಯ ವಿಧಿ. ಮಾತನಾಡಲು, ಬರೆಯಲು, ಅಚ್ಚುಹಾಕಿಸಲು ಸ್ವಾತಂತ್ರ್ಯವುಂಟೆಂದು 7ನೆಯ ವಿಧಿ. ಆದರೆ ಅಧಿಕಾರದ ಬಹುಭಾಗವು ಸಿಂಹಾಸನದಲ್ಲಿಯೇ ಉಳಿಯಿತು.

ಆ ವಂಶದಲ್ಲಿ 1918ನೆಯ ಜುಲೈ 4ರಂದು ಸಾಲೋಟೆ ರಾಣಿಯ ಜ್ಯೇಷ್ಠಪುತ್ರನಾಗಿ ಜನಿಸಿದವನೇ ಮುಂದೆ ನಾಲ್ಕನೆಯ ಟೌಫಾಹೌ ಟುಪೊ ಎನಿಸಿದನು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ 1942ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದನು. ಅವನಿಗಿಂತ ಮುಂಚೆ ಆ ಸಿಂಹಾಸನವನ್ನೇರಿದ ಯಾರಿಗೂ ಇಂತಹ ವಿದ್ಯೆ ಲಭಿಸಿರಲಿಲ್ಲ. 1943ರಲ್ಲಿ ವಿದ್ಯಾಮಂತ್ರಿ, ಮರುವರ್ಷ ಆರೋಗ್ಯಮಂತ್ರಿ, 1949ರಿಂದ 1965ರವರೆಗೆ ಪ್ರಧಾನಮಂತ್ರಿ. ಆ ವರ್ಷದ ಡಿಸೆಂಬರಿನಲ್ಲಿ ತಾಯಿ ತೀರಿಕೊಳ್ಳಲು ಅರಸನಾದನು. 1900ರಿಂದ ನಡೆದುಬಂದಿದ್ದ ಬ್ರಿಟಿಷ್ ರಕ್ಷಣೆಯು 1970ನೆಯ ಜೂನ್ 4ರಂದು ಇವನ ಕಾಲದಲ್ಲಿಯೇ ಕೊನೆಗೊಂಡಿತು. ಕುಲೀನರ ಪದವಿಗಳು ಹಾಗೂ ಆನುವಂಶಿಕ ಭೂಮಿಗಳ ವ್ಯಾಜ್ಯಗಳಲ್ಲಿ ಕಡೆಯ ವಿಚಾರಣೆಯು ರಾಜನ ಪ್ರೀವಿ ಕೌನ್ಸಿಲಿಗೆ ಸೇರಿದ್ದುದರಿಂದ, ಶಾಸ್ತ್ರವನ್ನೋದಿದವನೂ ರಾಜ್ಯವಾಳುವವನೂ ತೀರ್ಪುಹೇಳುವವನೂ ಒಬ್ಬನೇ ಆದಂತಾಯಿತು.

ಮಂತ್ರಿಗಳನ್ನೆಲ್ಲ ಅರಸನೇ ನೇಮಿಸುತ್ತಿದ್ದನು. ಅವರಿಗೆ ಶಾಸನಸಭೆಯಲ್ಲಿ ಸಹಜವಾಗಿಯೇ ಸ್ಥಾನವಿತ್ತು. ಮಿಕ್ಕ ಸ್ಥಾನಗಳಲ್ಲಿ 33 ಕುಲೀನಪದವಿಗಳನ್ನು ಹೊಂದಿದವರಿಗೆ 9, ಉಳಿದ ಸಮಸ್ತಪ್ರಜೆಗಳಿಗೆ 9. ಈ ವೈಷಮ್ಯವನ್ನು ಪ್ರಶ್ನಿಸಿದವರಲ್ಲಿ ಮುಂದಾಳು ಅಕಿಲಿಸಿ ಪೊಹಿವಾ ಎಂಬ ಉಪಾಧ್ಯಾಯ. ಈತನು 1987ರಲ್ಲಿ ಪ್ರಜಾಪ್ರತಿನಿಧಿಯಾಗಿ ಸಭೆಯನ್ನು ಸೇರಿದನು.

1996ರ ಸೆಪ್ಟೆಂಬರಿನಲ್ಲಿ ವಿವಾದವು ಪರಾಕಾಷ್ಠೆಗೆ ಮುಟ್ಟಿತು. ನ್ಯಾಯಮಂತ್ರಿಯ ಮೇಲಿನ ದೋಷಾರೋಪಣೆಯ ಸೂಚನೆಯು ಸಭೆಯ ಮುಂದೆ ಬರುವುದಕ್ಕೆ ಮೊದಲೇ ಒಂದು ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಸಭೆಗೆ ಮಾಡಿದ ಅವಮಾನವೆಂದು ಪೊಹಿವಾನಿಗೂ ಪತ್ರಿಕೆಯ ಇಬ್ಬರಿಗೂ ಸಭೆಯೇ 30 ದಿನಗಳ ಸೆರೆಯನ್ನು ವಿಧಿಸಿತು. ಆರೋಪಿಸಿದವರೂ ದಂಡಿಸಿದವರೂ ಒಬ್ಬರೇ ಆದ ಮೇಲೆ ವಿಚಾರಣೆಯೆಂಬುದಕ್ಕೆ ಏನರ್ಥ? ಮುಖ್ಯನ್ಯಾಯಾಧೀಶ ನೈಜೆಲ್ ಹ್ಯಾಂಪ್ಟನ್ನನು ಆ ಸೆರೆಯು ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪಿತ್ತು, ಅವಧಿ ತುಂಬುವ ಮುನ್ನವೇ ಮೂವರನ್ನೂ ಬಿಡಿಸಿದನು.

ಅಷ್ಟಕ್ಕೆ ವ್ಯಾಜ್ಯವು ಮುಗಿಯಲಿಲ್ಲ. 2003ರಲ್ಲಿ ಅದೇ ಪತ್ರಿಕೆಯನ್ನು ಸರ್ಕಾರವು ನಿಷೇಧಿಸಿತು. ನ್ಯಾಯಸ್ಥಾನವು ಆ ನಿಷೇಧವನ್ನು ಒಪ್ಪದಿರಲು, ಸರ್ಕಾರವು 7ನೆಯ ವಿಧಿಯನ್ನೇ ತಿದ್ದಿಸಿ, ಪತ್ರಿಕೆಗಳನ್ನು ಕಟ್ಟಿಹಾಕುವ ಶಾಸನಗಳನ್ನು ಮಾಡಿತು. 2004ರ ಅಕ್ಟೋಬರಿನಲ್ಲಿ ಮುಖ್ಯನ್ಯಾಯಾಧೀಶ ರಾಬಿನ್ ವೆಬ್‌ಸ್ಟರನು ಆ ಶಾಸನಗಳನ್ನು ಅಸಿಂಧುವೆಂದನು. ಈ ತೀರ್ಪುಗಳನ್ನು ಉಲ್ಲಂಘಿಸುವ ಸೈನ್ಯಬಲವು ಅರಸನಿಗೆ ಇರಲಿಲ್ಲವೆಂದಲ್ಲ. ಆದರೂ ಅವು ಊರ್ಜಿತವಾಗಿ ನಡೆದುವು. ಅರಸನ ಕೀರ್ತಿಗೆ ಕುಂದು ತಂದುದು ಅವನ ಸರ್ಕಾರದ ಶಾಸನಗಳು. ಅದನ್ನು ಉಳಿಸಿದುದು ಅವನು ನ್ಯಾಯಸ್ಥಾನವನ್ನು ಮುಚ್ಚದೆ ಬಿಟ್ಟುದು.

2005ರಲ್ಲಿ ಸರ್ಕಾರಿ ನೌಕರರು ಆರು ವಾರಗಳ ಮುಷ್ಕರ ಹೂಡಿದರು. ಮರುವರ್ಷ ಮಾರ್ಚಿಯಲ್ಲಿ ಪ್ರಜಾಪ್ರತಿನಿಧಿಯಾದ ಫೆಲೆಟಿ ಸೆವೆಲೆಯು ಪ್ರಧಾನಮಂತ್ರಿಯಾದನು. ಅರಸನು 2006ನೆಯ ಸೆಪ್ಟೆಂಬರ್ 10ರಂದು ದಿವಂಗತನಾದನು. ಎರಡು ತಿಂಗಳು ಕಳೆದ ಮೇಲೆ, ನವೆಂಬರ್ 16ರಂದು, ರಾಜಧಾನಿ ನುಕುಅಲೋಫಾ ದೊಂಬಿಯಲ್ಲಿ ಬೆಂದಿತು. 2010ರ ಚುನಾವಣೆಯಲ್ಲಿ ಚುನಾಯಿತಸ್ಥಾನಗಳು 26 ಆಗಿ, ಅವುಗಳಲ್ಲಿ 17 ಪ್ರಜೆಗಳಿಗೆ ದೊರೆತುವು. 2014ರ ಕಡೆಯಲ್ಲಿ, ಹಿಂದೆ ಸೆರೆಯಲ್ಲಿದ್ದ ಪೊಹಿವಾನೇ ಪ್ರಧಾನಮಂತ್ರಿಯಾದನು.

ನ್ಯಾಯಶಾಸ್ತ್ರವನ್ನು ಓದಿದ ಮಾತ್ರಕ್ಕೆ ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸು ಬರುವುದಿಲ್ಲವೆಂಬುದನ್ನು ಈ ಅರಸನ ಚರಿತ್ರೆಯು ತೋರಿಸುತ್ತದೆ. ಪೂರ್ವಿಕನೊಬ್ಬನು 1875ರಲ್ಲಿ ಬರೆಯಿಸಿದ ಕೆಲವು ಪಂಕ್ತಿಗಳು ಮಾತ್ರ ಮುಂದಿನವರ ಕೈಯನ್ನು ತಡೆದುವು. ಧರ್ಮವನ್ನು ಬರೆದಿಡುವುದರಿಂದಲೂ, ಬರೆದುದನ್ನು ಭಯವಿಲ್ಲದೆ ಓದಿಹೇಳುವ ನ್ಯಾಯಾಧೀಶನಿರುವುದರಿಂದಲೂ ಆಗುವ ಪ್ರಯೋಜನವು ಇದೇ.