ಕೊಡಗಿನ ಬೇಟೆ: ಊರ ಕಟ್ಟಳೆಯಿಂದ ಕಾಯಿದೆಯವರೆಗೆ

ಕೊಡಗಿನಲ್ಲಿ ಬೇಟೆಯು ಒಕ್ಕ, ಅಂದರೆ ಒಂದೇ ಮೂಲಪುರುಷನ ಸಂತತಿಯ ಕುಟುಂಬ, ಹಾಗೂ ಊರು, ನಾಡುಗಳ ಕಟ್ಟಳೆಗೆ ಒಳಪಟ್ಟ ಸಾಮೂಹಿಕ ಕಾರ್ಯವಾಗಿತ್ತು. ಊರಿನ ವ್ಯವಹಾರಗಳನ್ನು ‘ತಕ್ಕ’ರೆಂಬ ವಂಶಪಾರಂಪರ್ಯ ಹಿರಿಯರ ಮುಂದಾಳತ್ವದಲ್ಲಿ ತೀರ್ಮಾನಿಸಲಾಗುತ್ತಿತ್ತು. ದೇವರಕಾಡುಗಳಲ್ಲಿ ಬೇಟೆಯ ದೈವವೆನಿಸಿದ ಅಯ್ಯಪ್ಪನಿಗೆ ಭಕ್ತರು ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುತ್ತಿದ್ದರು. ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ವೆಂಬ ಗೌರವ ಸಲ್ಲುತ್ತಿತ್ತು, ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಸತ್ತ ಹುಲಿಯ ಪಕ್ಕದಲ್ಲಿ ಮದುಮಗನಂತೆ ಸಿಂಗರಿಸಿಕೊಂಡು ಕುಳಿತ ಬೇಟೆಗಾರನನ್ನು ನೆಂಟರಿಷ್ಟರು ಹರಸುತ್ತಿದ್ದರು.

ನಾಟಿ ಮುಗಿದ ಬಳಿಕ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಕೋವಿಗೆ ‘ತೋಕ್ ಪೂ’ ಎಂಬ ಕೆಂಪು-ಹಳದಿ ಹೂವನ್ನು ಮುಡಿಸಿ, ಬೇಟೆಗೆ ಹೊರಡುವುದು ವಾಡಿಕೆಯಾಗಿತ್ತು. ಬ್ರಿಟಿಷ್ ಆಡಳಿತವು 1861ರಲ್ಲಿ ಕೊಡವರಿಗೆ ಆಯುಧ ನಿರ್ಬಂಧದಿಂದ ವಿನಾಯಿತಿ ನೀಡಿದ್ದರಿಂದ ಈ ಪದ್ಧತಿಗೆ ಕಾನೂನಿನ ಆಸರೆಯೂ ದೊರೆಯಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಿತು. ಕೋವಿಯ ಹಕ್ಕು ಉಳಿಯಿತು, ಬೇಟೆ ನಿಂತಿತು. ಇಂದು ಹಬ್ಬದ ದಿನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಯೇ ಗುಂಡಿಗೆ ಗುರಿಯಾಗುತ್ತದೆ.