ನಡುಗುವ ಕೈಯೂ ಆಟದ ಭಾಗ: ಚಲನ ನಿಯಂತ್ರಣದ ಭಯಾನಕ ವಿಡಿಯೊ ಆಟಗಳು

ಹೆದರಿಸುವುದನ್ನೇ ಗುರಿಯಾಗಿ ಇಟ್ಟುಕೊಂಡ ವಿಡಿಯೊ ಆಟಗಳು ಬಹುಕಾಲದಿಂದ ಇವೆ. ಅವನ್ನು ಕೇವಲ ಗುಂಡಿ ಒತ್ತಿ ಆಡದೆ, ಕೈಯನ್ನೇ ಎತ್ತಿ, ತಿರುಗಿಸಿ, ಬೀಸಿ ಆಡುವ ಪದ್ಧತಿ ಜನಸಾಮಾನ್ಯರ ಮನೆಗಳಿಗೆ ಬಂದದ್ದು ಜಪಾನಿನ ನಿಂಟೆಂಡೊ ಸಂಸ್ಥೆಯು 2006ರ ನವೆಂಬರಿನಲ್ಲಿ ‘ವೀ’ ಎಂಬ ಆಟದ ಯಂತ್ರವನ್ನು ಬಿಡುಗಡೆ ಮಾಡಿದ ಮೇಲೆ. ದಿಲ್‌ಸುಖ್‌ನಗರ, ಚೈತನ್ಯಪುರಿ ಕಡೆಯ ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಅಮೆರಿಕದಿಂದ ಬಂದ ನೆಂಟರ ಕೈಚೀಲದಲ್ಲಿ ಇಂಥ ಯಂತ್ರಗಳು ಬಂದಿಳಿದದ್ದುಂಟು. ಮಗ ಕತ್ತಲು ಮಾಡಿಕೊಂಡ ಹಜಾರದಲ್ಲಿ ರಿಮೋಟು ಹಿಡಿದು ಚೀರಿದಾಗ, ಅಡುಗೆಮನೆಯಿಂದ ಓಡಿಬಂದ ತಾಯಿ ಕೇಳುವ ಪ್ರಶ್ನೆ ಒಂದೇ: ಇದು ಆಡತಕ್ಕ ಆಟವೇ? ಉತ್ತರಿಸುವ ಮೊದಲು ಆಟದ ಸ್ವರೂಪವನ್ನು ಅರಿಯುವುದು ಒಳ್ಳೆಯದು.

ವೀ ರಿಮೋಟಿನ ಒಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟದೊಂದು ಸಿಲಿಕಾನ್ ಸಾಧನವಿದೆ. ಕೈ ಬೀಸಿದಾಗ ಅದರೊಳಗಿನ ಸೂಕ್ಷ್ಮ ತೂಕವು ಸ್ಥಾನ ಬದಲಿಸುತ್ತದೆ. ಆ ಬದಲಾವಣೆ ವಿದ್ಯುತ್ ಸಂಕೇತವಾಗಿ ಯಂತ್ರವನ್ನು ತಲುಪುತ್ತದೆ. ರಿಮೋಟಿನ ಮೂತಿಯಲ್ಲಿ ಅವಕೆಂಪು ಬೆಳಕನ್ನು ಕಾಣಬಲ್ಲ ಒಂದು ಕ್ಯಾಮೆರಾ ಕೂಡ ಇದೆ. ಟಿ.ವಿ.ಯ ಮೇಲೆ ಇಡುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂದು ಹೆಸರಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡೂ ತುದಿಗಳಲ್ಲಿ ಅವಕೆಂಪು ದೀಪಗಳು ಉರಿಯುತ್ತಿರುತ್ತವೆ, ಅಷ್ಟೆ. ಆ ಎರಡು ಬೆಳಕಿನ ಚುಕ್ಕೆಗಳನ್ನು ನೋಡಿ ರಿಮೋಟು ತಾನು ಎತ್ತ ತಿರುಗಿದ್ದೇನೆಂದು ತಿಳಿದುಕೊಳ್ಳುತ್ತದೆ. ಪಟ್ಟಿ ಕೆಟ್ಟಾಗ ಅದರ ಜಾಗದಲ್ಲಿ ಎರಡು ಮೇಣದ ಬತ್ತಿ ಹಚ್ಚಿಟ್ಟು ಕೆಲಸ ಸಾಗಿಸಿದವರೂ ಉಂಟು. ಇದೇ ಕಾರಣಕ್ಕೆ ಟಿ.ವಿ. ಪಕ್ಕದಲ್ಲಿಯೇ ದೇವರ ಗೂಡು ಇರುವ ಮನೆಗಳಲ್ಲಿ ಸಂಜೆಯ ದೀಪ ಹಚ್ಚಿದೊಡನೆ ತೆರೆಯ ಮೇಲಿನ ಗುರಿ ಎತ್ತೆತ್ತಲೋ ಜಿಗಿಯಬಹುದು. ಅದನ್ನು ದೆವ್ವದ ಕಾಟವೆಂದು ತಿಳಿಯಬೇಕಾಗಿಲ್ಲ.

ಭರತನ ನಾಟ್ಯಶಾಸ್ತ್ರವು ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸುತ್ತದೆ. ಕೈಕಾಲುಗಳ ನಡುಕ, ಕಣ್ಣಿನ ಚಾಂಚಲ್ಯ, ರೋಮಾಂಚ, ಮುಖ ಬಿಳಿಚುವುದು, ದನಿ ಒಡೆಯುವುದು ಇವೆಲ್ಲ ಅದರ ಅನುಭಾವಗಳು. ರಂಗದ ಮೇಲೆ ಇವುಗಳನ್ನು ನಟನು ಅಭಿನಯಿಸುತ್ತಾನೆ, ಪ್ರೇಕ್ಷಕನು ಆಸನದಲ್ಲಿ ಕುಳಿತು ರಸವನ್ನು ಸವಿಯುತ್ತಾನೆ. ಗುಂಡಿ ಒತ್ತಿ ಆಡುವ ಆಟದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ: ಆಟಗಾರನ ಬೆರಳು ಎಷ್ಟೇ ನಡುಗಲಿ, ತೆರೆಯ ಮೇಲಿನ ಪಾತ್ರ ಸ್ಥಿರವಾಗಿ ನಿಂತಿರುತ್ತದೆ. ಚಲನ ನಿಯಂತ್ರಣದಲ್ಲಿ ಈ ಅಂತರ ಉಳಿಯುವುದಿಲ್ಲ. ಕೈ ನಡುಗಿದರೆ ತೆರೆಯ ಮೇಲಿನ ಟಾರ್ಚಿನ ಬೆಳಕೂ ನಡುಗುತ್ತದೆ. ಆ ನಡುಗುವ ಬೆಳಕನ್ನು ಕಂಡು ಆಟಗಾರನು ಇನ್ನಷ್ಟು ಹೆದರುತ್ತಾನೆ. ನಟನೂ ಅವನೇ, ಪ್ರೇಕ್ಷಕನೂ ಅವನೇ.

ಈ ಗುಣವನ್ನು ಚೆನ್ನಾಗಿ ಬಳಸಿಕೊಂಡ ಕೃತಿಯೆಂದರೆ 2009ರ ಡಿಸೆಂಬರಿನಲ್ಲಿ ಹೊರಬಂದ ‘ಸೈಲೆಂಟ್ ಹಿಲ್: ಶ್ಯಾಟರ್ಡ್ ಮೆಮೊರೀಸ್’. ಇಂಗ್ಲೆಂಡಿನ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ಇದನ್ನು ರಚಿಸಿತು, ಜಪಾನಿನ ಕೊನಾಮಿ ಪ್ರಕಟಿಸಿತು. ಹಿಮ ಸುರಿಯುವ ಊರಿನಲ್ಲಿ ಹ್ಯಾರಿ ಮೇಸನ್ ಎಂಬ ತಂದೆ ಕಾಣೆಯಾದ ಮಗಳನ್ನು ಹುಡುಕುತ್ತಾನೆ. ಅವನ ಬಳಿ ಕತ್ತಿಯಾಗಲಿ ಬಂದೂಕಾಗಲಿ ಇಲ್ಲ. ಇರುವುದು ಒಂದು ಟಾರ್ಚು, ಒಂದು ಮೊಬೈಲ್ ಫೋನು. ರಿಮೋಟು ಎತ್ತ ತಿರುಗುವುದೋ ಅತ್ತ ಟಾರ್ಚಿನ ಬೆಳಕು ಬೀಳುತ್ತದೆ. ಕರೆ ಬಂದಾಗ ರಿಮೋಟಿನಲ್ಲಿರುವ ಪುಟ್ಟ ಧ್ವನಿವರ್ಧಕದಿಂದಲೇ ಮಾತು ಕೇಳಿಸುವುದರಿಂದ ಅದನ್ನು ಕಿವಿಗೆ ಹಿಡಿಯಬೇಕು. ದೂರದ ಟಿ.ವಿ.ಯಿಂದ ಬರುವ ಚೀತ್ಕಾರಕ್ಕಿಂತ ಕಿವಿಯ ಬಳಿಯೇ ಗೊರಗುಟ್ಟುವ ದನಿ ಹೆಚ್ಚು ಹೆದರಿಸುತ್ತದೆ ಎಂಬುದನ್ನು ಆಡಿದವರು ಬಲ್ಲರು. ಪಿಶಾಚಿಗಳು ಮೈಮೇಲೆ ಬಿದ್ದಾಗ ಎರಡೂ ಕೈಗಳಿಂದ ಅವುಗಳನ್ನು ತಳ್ಳಿ ಓಡುವುದೊಂದೇ ದಾರಿ. ಕರ್ನಾಟಕದ ಊರುಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಿರುಗಿಸುತ್ತಿದ್ದುದನ್ನೂ, ತೆಲುಗು ಸೀಮೆಯ ‘ಓ ಸ್ತ್ರೀ ರೇಪು ರಾ’ ಬರಹವನ್ನೂ ಬಲ್ಲ ನಮ್ಮವರಿಗೆ ರಿಮೋಟಿನ ‘ಹೋಮ್’ ಗುಂಡಿ ಅದೇ ಕೆಲಸ ಮಾಡುವಂತೆ ತೋರೀತು. ಒತ್ತಿದರೆ ಆಟ ನಿಲ್ಲುತ್ತದೆ, ದೆವ್ವ ಕಾಯುತ್ತದೆ.

ಇದಕ್ಕೂ ಮೊದಲು, 2005ರ ‘ರೆಸಿಡೆಂಟ್ ಈವಿಲ್ 4’ ಆಟವು 2007ರಲ್ಲಿ ವೀ ಯಂತ್ರಕ್ಕೆ ಬಂದಿತ್ತು. ಗುರಿಯಿಡುವುದು ಅದರಲ್ಲಿ ಎಷ್ಟು ಸುಲಭವಾಯಿತೆಂದರೆ ಭಯ ತುಸು ಕಡಿಮೆಯಾಯಿತೆಂದೇ ಹೇಳಬೇಕು. ಚಲನೆ ಇದ್ದಮಾತ್ರಕ್ಕೆ ಭಯ ಹೆಚ್ಚುವುದಿಲ್ಲ. ಕೈಗೆ ಏನು ಕೊಟ್ಟಿದ್ದಾರೆ ಎಂಬುದು ಮುಖ್ಯ. ಅದೇ ಆಟ 2021ರಲ್ಲಿ ತಲೆಗೆ ಧರಿಸುವ ವಿ.ಆರ್. ಸಾಧನಕ್ಕೂ ಬಂದಿತು. ಅಲ್ಲಿ ಮುಖ ತಿರುಗಿಸಿದರೂ ತಪ್ಪಿಸಿಕೊಳ್ಳಲಾಗದು.

ಇನ್ನು ಸ್ಥಳದ ಮಾತು. ವೀ ಆಡಲು ಟಿ.ವಿ.ಯಿಂದ ಕೆಲವು ಅಡಿಗಳ ತೆರವು ಸಾಕು. ಓಡಾಡಿಕೊಂಡು ವಿ.ಆರ್. ಆಡಲು ಆರೂವರೆ ಅಡಿ ಉದ್ದಗಲದ ಖಾಲಿ ನೆಲ ಬೇಕು. ತರಬೇತಿ ಕೇಂದ್ರಗಳಿಗೆ ಬಂದ ವಿದ್ಯಾರ್ಥಿಗಳು ಮೂರು ಮಂಚ ಹಾಕಿಕೊಂಡು ಇರುವ ದಿಲ್‌ಸುಖ್‌ನಗರದ ಕೋಣೆಗಳಲ್ಲಿ ಅಷ್ಟು ನೆಲ ಸಿಗುವುದು ಕಷ್ಟ. ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ ಎಂಬುದನ್ನೂ ಮರೆಯಬಾರದು. ಹೆದರಿದವನ ಕೈ ಎಲ್ಲಿ ಬೀಸುವುದೆಂದು ಅವನಿಗೇ ತಿಳಿಯದು. ರಿಮೋಟುಗಳು ಕೈಜಾರಿ ಹಾರುತ್ತಿದ್ದುದರಿಂದ ನಿಂಟೆಂಡೊ 2006ರ ಡಿಸೆಂಬರಿನಲ್ಲಿಯೇ ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಿಸಿಕೊಡಬೇಕಾಯಿತು, ಮರುವರ್ಷ ರಬ್ಬರಿನಂಥ ಮೆತ್ತನೆಯ ಕವಚವನ್ನೂ ಉಚಿತವಾಗಿ ಕೊಟ್ಟಿತು. ದಾರವನ್ನು ಮಣಿಕಟ್ಟಿಗೆ ಬಿಗಿದೇ ಆಡಬೇಕು.

ಮಕ್ಕಳ ವಿಷಯಕ್ಕೆ ಬಂದರೆ, ಮೇಲೆ ಹೆಸರಿಸಿದ ಎರಡೂ ಆಟಗಳಿಗೆ ಅಮೆರಿಕದ ವರ್ಗೀಕರಣ ಮಂಡಳಿ ಹದಿನೇಳು ವರ್ಷ ಮೇಲ್ಪಟ್ಟವರಿಗೆಂದು ‘ಎಂ’ ಗುರುತು ನೀಡಿದೆ. ಪೆಟ್ಟಿಗೆಯ ಮುಂಬದಿಯ ಮೂಲೆಯಲ್ಲಿ ಅದನ್ನು ನೋಡಬಹುದು. ಮಿನುಗುವ ಬೆಳಕಿನಿಂದ ಮೂರ್ಛೆ ಬರುವವರು ಇಂಥ ಆಟಗಳಿಂದ ದೂರವಿರಬೇಕು.

ಹಿರಿಯರಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. 2013ರ ಫೆಬ್ರವರಿ 21ರ ಸಂಜೆ ದಿಲ್‌ಸುಖ್‌ನಗರದ ಜನನಿಬಿಡ ರಸ್ತೆಯಲ್ಲಿ ಎರಡು ಬಾಂಬುಗಳು ಸಿಡಿದು ಹಲವರು ಪ್ರಾಣ ತೆತ್ತರು. ಆ ಸದ್ದನ್ನು ಕೇಳಿದವರು ಇಂದಿಗೂ ಅಕ್ಕಪಕ್ಕದ ಮನೆಗಳಲ್ಲಿಯೇ ಇದ್ದಾರೆ. ಪರಿಚಯದ ಹಿರಿಯರೊಬ್ಬರು ಮೊಮ್ಮಗನ ಆಟದಲ್ಲಿ ಬಾಗಿಲು ಧಡಾರನೆ ಮುಚ್ಚಿದ ಸದ್ದಿಗೆ ಎದ್ದು ಬಾಲ್ಕನಿಗೆ ಹೋಗಿ ನಿಂತು, ಬಹಳ ಹೊತ್ತು ಒಳಗೆ ಬರಲಿಲ್ಲ. ಹುಡುಗ ಆಟ ನಿಲ್ಲಿಸಿ, ದೀಪ ಹಾಕಿ, ತಾತನಿಗೆ ನೀರು ತಂದುಕೊಟ್ಟ. ಈಗ ಅವನು ತಾತ ಸಂಜೆ ನಡೆದಾಡಲು ಹೊರಟ ಮೇಲೆ, ಟಿ.ವಿ.ಯ ಸದ್ದು ತಗ್ಗಿಸಿ ಆಡುತ್ತಾನೆ. ರಿಮೋಟಿನೊಳಗಿನ ದನಿ ಹೇಗೂ ಅವನೊಬ್ಬನ ಕಿವಿಗೇ ಕೇಳಿಸುತ್ತದೆ.