ಹೃದಯದ ಬಳಸುದಾರಿಗಳು

(ಬಾನುಲಿ ಭಾಷಣ)

ಬೆಂಗಳೂರಿನ ಕಡೆಯಿಂದ ಬರುವ ಹೆದ್ದಾರಿ ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಇಬ್ಭಾಗವಾಗುತ್ತದೆ. ಒಂದು ಕವಲು ಊರೊಳಗೆ ಹೋಗುತ್ತದೆ. ಇನ್ನೊಂದು ಊರನ್ನು ಬಳಸಿಕೊಂಡು ಧಾರವಾಡದಾಚೆಯ ನರೇಂದ್ರವನ್ನು ಸೇರುತ್ತದೆ. ಈ ಎರಡನೆಯದನ್ನು ನಮ್ಮ ಜನ ಬೈಪಾಸ್ ಎನ್ನುತ್ತಾರೆ. ಎದೆಯ ಶಸ್ತ್ರಕ್ರಿಯೆಯೊಂದಕ್ಕೂ ಅದೇ ಹೆಸರು. ಆದರೆ ಶಸ್ತ್ರವೈದ್ಯ ಕೈಹಾಕುವ ಮೊದಲೇ, ಮುಖ್ಯನಾಳ ಮೆಲ್ಲಮೆಲ್ಲನೆ ಕಿರಿದಾಗುತ್ತ ಬಂದಾಗ, ಹೃದಯವು ತನ್ನ ಬಳಸುದಾರಿಗಳನ್ನು ತಾನೇ ಅಗಲಗೊಳಿಸಿಕೊಳ್ಳುವುದುಂಟು. ಈ ಸಂಗತಿಯನ್ನು ವೈದ್ಯಲೋಕ ಮನಗಾಣಲು ಸುಮಾರು ಮೂರು ಶತಮಾನಗಳು ಹಿಡಿದವು.

ಹೃದಯಕ್ಕೆ ರಕ್ತ ಒದಗಿಸುವ ನಾಳಗಳು ಅಲ್ಲಲ್ಲಿ ಒಂದನ್ನೊಂದು ಕೂಡುತ್ತವೆಂದು ಇಂಗ್ಲೆಂಡಿನ ರಿಚರ್ಡ್ ಲೋವರ್ 1669ರಲ್ಲಿಯೇ ಬರೆದಿದ್ದ. 1785ರ ಡಿಸೆಂಬರಿನಲ್ಲಿ ಲಂಡನ್ನಿನ ಜಾನ್ ಹಂಟರ್, ಮೊಣಕಾಲಿನ ಹಿಂದೆ ನಾಳ ಉಬ್ಬಿದ್ದ ಗಾಡಿ ಹೊಡೆಯುವವನೊಬ್ಬನ ತೊಡೆಯ ಮುಖ್ಯನಾಳವನ್ನೇ ಕಟ್ಟಿಬಿಟ್ಟ. ಕಾಲು ಕೊಳೆಯಲಿಲ್ಲ. ಪಕ್ಕದ ಸಣ್ಣ ನಾಳಗಳು ಆ ಹೊರೆಯನ್ನು ಹೊತ್ತವು. ಆರು ವಾರಗಳಲ್ಲಿ ರೋಗಿ ಮನೆಗೆ ನಡೆದುಹೋದ. ಹಂಟರನು ಇದನ್ನು ಮೊದಲು ಜಿಂಕೆಯ ಕೊಂಬಿನಲ್ಲಿ ಕಂಡನೆಂಬ ಸೊಗಸಾದ ಕಥೆಯೊಂದಿದೆ. ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ, ನಾನೂ ಒತ್ತಿ ಹೇಳಲಾರೆ. ಅದೇ ಹಂಟರ್ ವರ್ಷಗಟ್ಟಲೆ ಎದೆನೋವನ್ನು ಅನುಭವಿಸಿ, 1793ರ ಅಕ್ಟೋಬರ್ 16ರಂದು ಆಸ್ಪತ್ರೆಯ ಸಭೆಯೊಂದರ ವಾಗ್ವಾದದಿಂದ ಎದ್ದುಹೋಗಿ ಕುಸಿದು ತೀರಿಕೊಂಡ. ಕೊಯ್ದು ನೋಡಿದಾಗ ಅವನ ಹೃದಯದ ನಾಳಗಳು ಎಲುಬಿನಂತೆ ಗಡುಸಾಗಿದ್ದವು.

ಕಾಲಿಗುಳ್ಳ ಸೌಕರ್ಯ ಹೃದಯಕ್ಕಿಲ್ಲವೆಂದು 1881ರಲ್ಲಿ ಜರ್ಮನಿಯ ಕೋನ್‌ಹೈಮ್ ಸಾರಿದ. ನಾಯಿಗಳ ಮೇಲಿನ ಪ್ರಯೋಗವೇ ಅವನಿಗೆ ಆಧಾರ. ಹೆಸರು ದೊಡ್ಡದಾದುದರಿಂದ ತಪ್ಪಿಗೂ ದೀರ್ಘಾಯುಷ್ಯ ದೊರೆಯಿತು. ಕೊನೆಗೆ 1963ರಲ್ಲಿ ಫುಲ್ಟನ್ ಎಂಬ ವಿದ್ವಾಂಸನು ರೋಗವಿಲ್ಲದ ಹೃದಯಗಳಲ್ಲಿಯೂ ಕೂಡುನಾಳಗಳ ಬಲೆಯನ್ನು ವಿವರವಾಗಿ ತೋರಿಸಿಕೊಟ್ಟ.

ಇನ್ನೊಂದು ಎಳೆ ಉರಿಯೂತದ್ದು. ಈ ಕನ್ನಡ ಶಬ್ದ ನನಗೆ ಪ್ರಿಯ. ರೋಮಿನ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಅದು ತನ್ನೊಳಗೇ ಇಟ್ಟುಕೊಂಡಿದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಾಣಿಸಿಕೊಂಡು, ಗುಣವಾದ ಮೇಲೆ ಮರೆಯಾಗುವ ವಸ್ತುವೊಂದನ್ನು ಗುರುತಿಸಿದರು. ಇಂದು ಪ್ರಯೋಗಾಲಯದ ಚೀಟಿಗಳಲ್ಲಿ ನಾವು ಕಾಣುವ ಸಿ.ಆರ್.ಪಿ. ಅದೇ. ಆರೋಗ್ಯವಾಗಿದ್ದ ಪುರುಷರಲ್ಲಿಯೂ ಅದರ ಪ್ರಮಾಣ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟೆಂದು 1997ರಲ್ಲಿ ಅಮೆರಿಕದ ರಿಡ್ಕರ್ ಮತ್ತು ಸಂಗಡಿಗರು ತೋರಿಸಿದರು.

ನಾಳವನ್ನು ಕೆಡಿಸುವ ಈ ಉರಿ ಬಳಸುದಾರಿಗೆ ಏನು ಮಾಡುತ್ತದೆ? ಉತ್ತರ ಸರಳವಲ್ಲ. ಸಿ.ಆರ್.ಪಿ. ಹೆಚ್ಚಿರುವ ರೋಗಿಗಳಲ್ಲಿ ಬಳಸುದಾರಿಗಳು ಬಡಕಲಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಜರ್ಮನಿಯ ಷಾಪರ್ ಮತ್ತು ಸಂಗಡಿಗರು ಮೊಲಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಉರಿಯೂತದ ಬಿಳಿಕಣಗಳನ್ನು ಕರೆತರುವ ವಸ್ತುವನ್ನು ಕೊಟ್ಟಾಗ ಬಳಸುದಾರಿಗಳು ಇನ್ನಷ್ಟು ಬೆಳೆದವು. ಕೆಡವುವ ಕೂಲಿಯವನೇ ಕಟ್ಟುವ ಕೂಲಿಯವನೂ ಆಗಿದ್ದಾನೆ! ಆದುದರಿಂದ ಚೀಟಿಯ ಅಂಕಿಯನ್ನಷ್ಟೇ ನೋಡಿ, ದಾರಿ ಇದೆ, ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಅದಕ್ಕೆ ಆಂಜಿಯೋಗ್ರಾಮ್ ಬೇಕು.

ಬಳಸುದಾರಿ ಅಗಲವಾಗಲು ವಾರಗಳೇ ಬೇಕು. ರಕ್ತ ಹೆಪ್ಪುಗಟ್ಟಿ ನಾಳ ಥಟ್ಟನೆ ಮುಚ್ಚಿದರೆ ಹೃದಯದ ಸ್ನಾಯು ಅರ್ಧ ಗಂಟೆಯ ಆಸುಪಾಸಿನಲ್ಲಿ ಸಾಯತೊಡಗುತ್ತದೆ. ನಮ್ಮ ಜನರಿಗಂತೂ ಮೊದಲ ಆಘಾತ ಬೇಗನೆ ಬರುತ್ತದೆ: 2004ರ ಜಾಗತಿಕ ಅಧ್ಯಯನವೊಂದರಂತೆ ದಕ್ಷಿಣ ಏಷ್ಯಾದವರಲ್ಲಿ ಸರಾಸರಿ 53ನೆಯ ವಯಸ್ಸಿಗೆ, ಇತರರಲ್ಲಿ 59ಕ್ಕೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮುಂದಾಗಿ ನಿಂತು, ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧದಷ್ಟು ಜನ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ನೋವು ಶುರುವಾಗಿ ಆರು ಗಂಟೆ ಕಳೆದಿತ್ತು.